ಊರಿನ ಸಂಘಕ್ಕೆ ಸಾರ್ವಜನಿಕ ಸಂಪರ್ಕ: ಐವಿ ಲೀ ಅವರಿಂದ ಕಲಿಯುವುದು, ಬಿಡುವುದು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಸಂಘಗಳಿಗೆ ಬರವಿಲ್ಲ. ಸ್ತ್ರೀಶಕ್ತಿ ಗುಂಪು, ರೈತ ಸಂಘ, ಯುವಕ ಮಂಡಳಿ, ಮಾಜಿ ದೇವದಾಸಿ ಮಹಿಳೆಯರ ಸಂಘ ಎಂದು ಊರಿಗೆ ನಾಲ್ಕಾರು ಇವೆ, ಅವುಗಳಲ್ಲಿ ಹಲವು ನಿಜವಾಗಿಯೂ ದುಡಿಯುತ್ತವೆ. ಆದರೆ ಅವುಗಳ ಬೇಡಿಕೆ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಮೊಹರು ಬಿದ್ದಲ್ಲಿಗೆ ನಿಂತುಬಿಡುತ್ತದೆ. ಮರುದಿನದ ಪತ್ರಿಕೆಯಲ್ಲಿ ಹತ್ತು ಜನ ಸಾಲಾಗಿ ನಿಂತು ಅಧಿಕಾರಿಗೆ ಕಾಗದ ಕೊಡುತ್ತಿರುವ ಚಿತ್ರ, ಅದರ ಕೆಳಗೆ ಹತ್ತೂ ಜನರ ಹೆಸರು, ಬೇಡಿಕೆ ಏನೆಂಬುದಕ್ಕೆ ಅರ್ಧ ಸಾಲು. ಇಂಥ ಸಂಘಗಳು ತಮ್ಮ ವಿಷಯವನ್ನು ಜನರಿಗೂ ಪತ್ರಿಕೆಗೂ ಅಧಿಕಾರಿಗೂ ಸರಿಯಾಗಿ ಮುಟ್ಟಿಸುವ ಬಗೆಯನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಅದಕ್ಕೆ ಆಧಾರವಾಗಿ ಸಾರ್ವಜನಿಕ ಸಂಪರ್ಕ ಎಂಬ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಐವಿ ಲೀ ಅವರ ಬದುಕನ್ನು ಇಟ್ಟುಕೊಂಡಿದ್ದೇನೆ. ಏಕೆಂದರೆ ಈ ಕೆಲಸವನ್ನು ಹೇಗೆ ಮಾಡಬೇಕು ಎಂಬುದಕ್ಕೂ ಹೇಗೆ ಮಾಡಬಾರದು ಎಂಬುದಕ್ಕೂ ಅವರೊಬ್ಬರ ಬದುಕಿನಲ್ಲೇ ಉದಾಹರಣೆಗಳು ಸಿಗುತ್ತವೆ.

ಉದಾಹರಣೆಗೆ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ದೇವದುರ್ಗವೋ ಕುಷ್ಟಗಿಯೋ ಯಾವುದಾದರೂ ತಾಲ್ಲೂಕು ಇರಲಿ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ, ಊರಿನ ಕೊಳವೆಬಾವಿಯ ನೀರಿನಲ್ಲಿ ಮಿತಿ ಮೀರಿದರೆ ಮೂಳೆ, ಕೀಲುಗಳನ್ನು ಕೆಡಿಸುವ ಫ್ಲೋರೈಡ್ ಇದೆ, ಮಹಿಳಾ ಸಂಘವೊಂದು ಈ ವಿಷಯವನ್ನು ಕೈಗೆತ್ತಿಕೊಂಡಿದೆ.

ಮೊದಲು ನೀವು ಯಾರೆಂದು ಹೇಳಿ

1877ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಮೆಥಡಿಸ್ಟ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಲೀ, ಪ್ರಿನ್ಸ್‌ಟನ್‌ನಲ್ಲಿ ಓದಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರರಾಗಿ ಕೆಲಸ ಮಾಡಿದವರು. 1906ರ ಕಲ್ಲಿದ್ದಲು ಮುಷ್ಕರದ ಸಮಯದಲ್ಲಿ ಗಣಿ ಮಾಲೀಕರ ಪರವಾಗಿ ಸುದ್ದಿ ಕೊಡುವ ಕೆಲಸ ಒಪ್ಪಿಕೊಂಡಾಗ ಅವರು ಪತ್ರಿಕಾ ಸಂಪಾದಕರಿಗೆ ಒಂದು ತತ್ವಪ್ರಕಟಣೆಯನ್ನು ಕಳುಹಿಸಿದರು. ಅದರ ಸಾರ ಇಷ್ಟು: ನಮ್ಮದು ಗುಟ್ಟಿನ ಕಚೇರಿಯಲ್ಲ, ಯಾರ ಪರವಾಗಿ ಮಾತನಾಡುತ್ತಿದ್ದೇವೆ ಎಂಬುದನ್ನು ಬಹಿರಂಗವಾಗಿಯೇ ಹೇಳುತ್ತೇವೆ; ಕೊಡುವ ಮಾಹಿತಿ ಖಚಿತವಾಗಿರುತ್ತದೆ; ಹೆಚ್ಚಿನ ವಿವರ ಬೇಕೆಂದರೆ ಕೂಡಲೇ ಒದಗಿಸುತ್ತೇವೆ; ನಮ್ಮ ಯಾವುದೇ ಬರಹ ಜಾಹೀರಾತು ವಿಭಾಗಕ್ಕೆ ಹೋಗತಕ್ಕದ್ದು ಎಂದು ನಿಮಗೆ ಕಂಡರೆ ಅದನ್ನು ಬಳಸಬೇಡಿ. ಸುದ್ದಿ ಮುಚ್ಚಿಡುವುದನ್ನೇ ಜಾಣತನವೆಂದು ತಿಳಿದಿದ್ದ ಉದ್ಯಮಗಳ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಊರಿನ ಸಂಘ ಇದನ್ನು ಹಾಗೆಯೇ ಅನುಸರಿಸಬಹುದು. ಪ್ರಕಟಣೆಯ ತಲೆಯ ಮೇಲೆ ಸಂಘದ ಹೆಸರು, ನೋಂದಣಿಯಾಗಿದ್ದರೆ ಅದರ ಸಂಖ್ಯೆ, ಮಾತನಾಡಬಲ್ಲ ಇಬ್ಬರ ಹೆಸರು ಮತ್ತು ಮೊಬೈಲ್ ಸಂಖ್ಯೆ ಇರಬೇಕು. ಒಬ್ಬರಲ್ಲ, ಇಬ್ಬರು: ವರದಿಗಾರರು ಫೋನ್ ಮಾಡುವುದು ಸಾಮಾನ್ಯವಾಗಿ ಸಂಜೆ, ಆ ಹೊತ್ತಿಗೆ ಒಬ್ಬರು ಹೊಲದಿಂದ ಬಂದಿರುವುದಿಲ್ಲ. ಸಂಘದ ಪದಾಧಿಕಾರಿಯೊಬ್ಬರು ಪಂಚಾಯಿತಿ ಚುನಾವಣೆಗೆ ನಿಲ್ಲುವವರಾಗಿದ್ದರೆ, ಅಥವಾ ಪಕ್ಷವೊಂದರ ಜವಾಬ್ದಾರಿಯಲ್ಲಿದ್ದರೆ, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಹೇಳದಿದ್ದರೆ ಎದುರಿನವರು ಹೇಳುತ್ತಾರೆ, ಆಗ ನೀರಿನ ವಿಷಯ ಹಿಂದಕ್ಕೆ ಸರಿದು ರಾಜಕೀಯವೇ ಸುದ್ದಿಯಾಗುತ್ತದೆ.

ಕೊಟ್ಟ ಲೆಕ್ಕವನ್ನು ನೀವೇ ಪರೀಕ್ಷಿಸಿ

ಲೀ ತಮ್ಮ ತತ್ವವನ್ನು ತಾವೇ ಮುರಿದ ಪ್ರಸಂಗ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. 1914ರ ಏಪ್ರಿಲ್ 20ರಂದು ಕೊಲೊರಾಡೊದ ಲಡ್ಲೊ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆಯಿತು. ಡೇರೆಯ ಅಡಿಯ ಗುಂಡಿಯಲ್ಲಿ ಅವಿತಿದ್ದ 11 ಮಕ್ಕಳು ಮತ್ತು ಇಬ್ಬರು ಮಹಿಳೆಯರು ಉಸಿರುಗಟ್ಟಿ ಸತ್ತರು. ಗಣಿ ಕಂಪನಿಯಲ್ಲಿ ದೊಡ್ಡ ಪಾಲು ಹೊಂದಿದ್ದ ರಾಕ್‌ಫೆಲ್ಲರ್ ಕುಟುಂಬ ಲೀ ಅವರನ್ನು ನೇಮಿಸಿಕೊಂಡಿತು. ಅವರು ದೇಶದ ಗಣ್ಯರಿಗೂ ಪತ್ರಿಕೆಗಳಿಗೂ ಕಿರುಪತ್ರಗಳ ಸರಣಿಯನ್ನೇ ಕಳುಹಿಸಿದರು. ಅವುಗಳಲ್ಲಿ ಮುಷ್ಕರದ ಮುಂದಾಳುಗಳ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುವ ತಪ್ಪು ಲೆಕ್ಕವಿತ್ತು. ಸರ್ಕಾರಿ ಆಯೋಗದ ಮುಂದೆ ವಿಚಾರಣೆಯಾದಾಗ, ಕಂಪನಿ ಕೊಟ್ಟ ಮಾಹಿತಿಯನ್ನು ತಾವು ಪರಿಶೀಲಿಸಿರಲಿಲ್ಲ ಎಂದು ಲೀ ಒಪ್ಪಿಕೊಳ್ಳಬೇಕಾಯಿತು. ಎಂಟು ವರ್ಷಗಳ ಹಿಂದೆ ಖಚಿತ ಮಾಹಿತಿಯ ಮಾತು ಕೊಟ್ಟವರೇ ಅವರು. ಅವರ ಹೆಸರಿಗೆ ಆಗ ಅಂಟಿದ ಕಪ್ಪು ಕೊನೆಯವರೆಗೂ ಹೋಗಲಿಲ್ಲ.

ಸಮಾಜಸೇವೆಯ ಸಂಘಗಳು ಇದೇ ಗುಂಡಿಗೆ ಬೀಳುವುದು ಹೆಚ್ಚು, ಏಕೆಂದರೆ ಉದ್ದೇಶ ಒಳ್ಳೆಯದಾಗಿರುವಾಗ ಲೆಕ್ಕ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ ಎಂಬ ಭಾವನೆ ತಾನಾಗಿ ಬರುತ್ತದೆ. "ಊರಿನ ಅರ್ಧ ಜನರಿಗೆ ಮೊಣಕಾಲು ನೋವು" ಎಂದು ಬರೆಯುವ ಮುನ್ನ ಮನೆಮನೆಗೆ ಹೋಗಿ ಎಣಿಸಿ ಬನ್ನಿ. ನೀರಿನ ಗುಣಮಟ್ಟದ ಬಗ್ಗೆ ಬರೆಯುವುದಾದರೆ ಪ್ರಯೋಗಾಲಯದ ವರದಿ ಕೈಯಲ್ಲಿರಲಿ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಜಲಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಯಾವ ಮಿತಿಯನ್ನು ಮೀರಿದೆ ಎಂಬುದನ್ನು ಬಿಡಿಸಿ ಬರೆಯಿರಿ. ಘಟಕದ ನಿರ್ವಹಣೆಗೆ ಖರ್ಚಾದ ಹಣದ ವಿವರ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಗಡುವಿನೊಳಗೆ ಉತ್ತರ ಬರದಿದ್ದರೆ ಅರ್ಜಿ ಹಾಕಿದ ದಿನಾಂಕವನ್ನೂ ಉತ್ತರ ಬಾರದಿರುವುದನ್ನೂ ಪ್ರಕಟಣೆಯಲ್ಲಿ ಬರೆಯಬಹುದು.

ಇಡೀ ರಾಜ್ಯದ ಅಂಕಿಯನ್ನು ಊರಿನ ಅಂಕಿಯೆಂದು ತೋರಿಸುವುದೂ ಒಂದು ಬಗೆಯ ತಪ್ಪು ಲೆಕ್ಕವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇದು ರಾಜ್ಯದ ಸರಾಸರಿ. ಲಿಂಗಸುಗೂರಿನ ಬಾಲ್ಯವಿವಾಹದ ಬಗ್ಗೆ ಬರೆಯುವವರು ಇದನ್ನು ಉಲ್ಲೇಖಿಸಬಹುದು, ಆದರೆ ಲಿಂಗಸುಗೂರಿನ ಸ್ಥಿತಿ ಇದೇ ಎಂದು ಬರೆಯುವಂತಿಲ್ಲ.

ಕೆಟ್ಟ ಸುದ್ದಿಯನ್ನು ತಡಮಾಡದೆ ಹೇಳಿ

ಲೀ ಅವರ ಒಳ್ಳೆಯ ಪಾಠ ರೈಲು ಅಪಘಾತದ್ದು. 1906ರ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 53 ಜನ ಸತ್ತರು. ಇಂಥ ಹೊತ್ತಿನಲ್ಲಿ ಬಾಯಿಮುಚ್ಚಿ ಕುಳಿತುಕೊಳ್ಳುವುದು ಆ ಕಾಲದ ರೈಲು ಕಂಪನಿಗಳ ವಾಡಿಕೆಯಾಗಿತ್ತು. ಲೀ ಕಂಪನಿಯ ಕಡೆಯಿಂದ ಹೇಳಿಕೆಯನ್ನು ಬರೆದು ಹಂಚಿದರಲ್ಲದೆ, ವರದಿಗಾರರು ಸ್ಥಳಕ್ಕೆ ಹೋಗಿ ನೋಡಲು ವಿಶೇಷ ರೈಲಿನ ಏರ್ಪಾಡನ್ನೂ ಮಾಡಿಸಿದರು. ಆ ಹೇಳಿಕೆಯನ್ನು ನ್ಯೂಯಾರ್ಕ್ ಟೈಮ್ಸ್ ಇದ್ದದ್ದು ಇದ್ದಂತೆಯೇ ಅಚ್ಚುಮಾಡಿತು. ಇಂದು ನಾವು ಪತ್ರಿಕಾ ಪ್ರಕಟಣೆ ಎಂದು ಕರೆಯುವುದರ ಚರಿತ್ರೆಯನ್ನು ಅನೇಕರು ಅಲ್ಲಿಂದಲೇ ಶುರುಮಾಡುತ್ತಾರೆ.

ನಮ್ಮ ಭಾಗದವರಿಗೆ ಈ ಪಾಠ ಅರ್ಥವಾಗಲು ಅಷ್ಟು ದೂರ ಹೋಗಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ಗಂಗಾವತಿ, ಕಂಪ್ಲಿ, ಸಿಂಧನೂರು, ಮಾನ್ವಿ ಭಾಗದ ನದಿದಂಡೆಯವರಿಗೆ ಬೇಕಾಗಿದ್ದುದು ಎಷ್ಟು ಕ್ಯುಸೆಕ್ ನೀರು ಬರುತ್ತಿದೆ, ನಮ್ಮೂರಿಗೆ ಯಾವಾಗ ಮುಟ್ಟುತ್ತದೆ, ಯಾವ ಸೇತುವೆಯ ಮೇಲೆ ಹೋಗಬಾರದು, ಬೆಳೆಗೆ ನೀರು ಉಳಿಯುತ್ತದೆಯೇ ಎಂಬ ನಾಲ್ಕು ಉತ್ತರಗಳು. ಅಂಥ ರಾತ್ರಿಯಲ್ಲಿ ಅಧಿಕೃತ ಮಾಹಿತಿ ಒಂದು ಗಂಟೆ ತಡವಾದರೆ ಆ ಜಾಗವನ್ನು ವಾಟ್ಸ್‌ಆ್ಯಪ್‌ನ ಗಾಳಿಸುದ್ದಿ ತುಂಬುತ್ತದೆ. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು ಎಂಬ ಒಳ್ಳೆಯ ಸುದ್ದಿಯನ್ನು ಜನ ನಂಬುವುದು ಕೂಡ ಮೊದಲ ದಿನಗಳ ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಿದ್ದಾಗ ಮಾತ್ರ.

ಸಂಘದ ಮಟ್ಟದಲ್ಲೂ ಇದೇ ನಿಯಮ ನಡೆಯುತ್ತದೆ. ಸಾಲದ ಕಂತು ಸಂಗ್ರಹಿಸಿದ ಸದಸ್ಯೆಯೊಬ್ಬರು ಹಣ ಕಟ್ಟದೆ ಉಳಿಸಿಕೊಂಡಿದ್ದರೆ, ಶಿಬಿರದ ಊಟದಿಂದ ನಾಲ್ಕು ಮಕ್ಕಳಿಗೆ ಹೊಟ್ಟೆ ಕೆಟ್ಟಿದ್ದರೆ, ಮೊದಲು ಹೇಳುವವರು ನೀವೇ ಆಗಿರಬೇಕು. ಆಗಿದ್ದೇನು, ಈಗ ಏನು ಮಾಡಿದ್ದೇವೆ, ಇನ್ನೂ ತಿಳಿಯದಿರುವುದೇನು ಎಂಬ ಮೂರು ವಾಕ್ಯ ಸಾಕು. ಕಾರಣ ಗೊತ್ತಾಗುವ ಮೊದಲೇ ಕಾರಣ ಹೇಳಲು ಹೋಗಬಾರದು.

ಪ್ರಕಟಣೆ ಬರೆಯುವುದು

ಈಗ ನೀರಿನ ಘಟಕದ ಪ್ರಕಟಣೆಗೆ ಬರೋಣ. ಜಿಲ್ಲಾ ಪುಟದ ಡೆಸ್ಕಿಗೆ ದಿನವೂ ಬರುವ ಪ್ರಕಟಣೆಗಳಲ್ಲಿ ಬಹುಪಾಲು ಹೀಗೆ ಶುರುವಾಗುತ್ತವೆ: "ಗ್ರಾಮದ ಸಮಸ್ತ ನಾಗರಿಕರ ಪರವಾಗಿ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಹಳ ದಿನಗಳಿಂದ ಕುಡಿಯುವ ನೀರಿನ ಸಮಸ್ಯೆ ತಾಂಡವವಾಡುತ್ತಿದ್ದು, ಸಂಬಂಧಪಟ್ಟ ಅಧಿಕಾರಿಗಳು ಕಣ್ಣಿದ್ದೂ ಕುರುಡರಾಗಿದ್ದಾರೆ. ಕೂಡಲೇ ಎಚ್ಚೆತ್ತುಕೊಳ್ಳದಿದ್ದಲ್ಲಿ ಉಗ್ರ ಹೋರಾಟ ನಡೆಸಲಾಗುವುದು." ಇದರಲ್ಲಿ ಸಿಟ್ಟು ಇದೆ, ಸುದ್ದಿ ಇಲ್ಲ. ಎಷ್ಟು ದಿನ, ಎಷ್ಟು ಮನೆ, ಯಾವ ಅಧಿಕಾರಿ ಎಂಬ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲದ್ದರಿಂದ ಉಪಸಂಪಾದಕರು ಅದನ್ನು ಎರಡು ಸಾಲಿಗೆ ಇಳಿಸುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ.

ಅದೇ ವಿಷಯವನ್ನು ಹೀಗೆ ಬರೆದು ನೋಡಿ; ಅಂಕಿಗಳು ಕೇವಲ ಮಾದರಿಗಾಗಿ. "ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕ ಮಾರ್ಚ್ 3ರಿಂದ ನಿಂತಿದ್ದು, 240 ಮನೆಗಳ ಜನ ಕೊಳವೆಬಾವಿಯ ನೀರನ್ನೇ ಕುಡಿಯುತ್ತಿದ್ದಾರೆ. ಈ ನೀರಿನಲ್ಲಿ ಲೀಟರಿಗೆ 2.1 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದು ಫೆಬ್ರುವರಿಯ ಪರೀಕ್ಷಾ ವರದಿ ಹೇಳುತ್ತದೆ. ಗರಿಷ್ಠ ಮಿತಿ 1.5 ಮಿಲಿಗ್ರಾಂ. ಮೋಟಾರು ಸುಟ್ಟಿದ್ದು, ದುರಸ್ತಿಗೆ ಅಂದಾಜು ಪಟ್ಟಿ ಕಳುಹಿಸಲಾಗಿದೆ ಎಂದು ಪಿಡಿಒ ತಿಳಿಸಿದ್ದಾರೆ. ಹೊಸ ಮೋಟಾರು ಬರುವವರೆಗೆ ದಿನಕ್ಕೆ ಒಂದು ಟ್ಯಾಂಕರ್ ಶುದ್ಧ ನೀರು ಒದಗಿಸಬೇಕೆಂಬುದು ಸಂಘದ ಬೇಡಿಕೆ." ಇಲ್ಲಿ ಪಿಡಿಒ ಅವರ ಮಾತೂ ಇದೆ ಎಂಬುದನ್ನು ಗಮನಿಸಬೇಕು. ಎದುರು ಪಕ್ಷದ ಮಾತನ್ನು ನೀವೇ ಕೇಳಿ ಬರೆದರೆ ವರದಿಗಾರರ ಅರ್ಧ ಕೆಲಸ ಕಡಿಮೆಯಾಗುತ್ತದೆ, ನಿಮ್ಮ ಮಾತಿನ ತೂಕ ಹೆಚ್ಚುತ್ತದೆ. ಬೇಡಿಕೆ ಒಂದೇ ಇರಲಿ, ಅದು ಈಡೇರಿತೋ ಇಲ್ಲವೋ ಎಂದು ಯಾರು ಬೇಕಾದರೂ ಬಂದು ನೋಡುವಂತಿರಲಿ. "ಊರಿನ ಸರ್ವಾಂಗೀಣ ಅಭಿವೃದ್ಧಿ" ಎಂಬುದು ಅಂಥ ಬೇಡಿಕೆಯಲ್ಲ.

ಒಂದು ಪುಟ ಮೀರಬಾರದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿ. ಕೈಬರಹದ ಫೋಟೊ ಕಳುಹಿಸಿದರೆ ಯಾರೋ ಕುಳಿತು ಮತ್ತೆ ಟೈಪ್ ಮಾಡಬೇಕು, ಆ ಸಮಯ ಅವರಲ್ಲಿರುವುದಿಲ್ಲ. ಚಿತ್ರದಲ್ಲಿ ಪದಾಧಿಕಾರಿಗಳ ಸಾಲಿಗಿಂತ ಬೀಗ ಬಿದ್ದ ಘಟಕದ ಮುಂದೆ ಖಾಲಿ ಕ್ಯಾನ್‌ಗಳನ್ನು ಇಟ್ಟುಕೊಂಡು ನಿಂತ ಜನರಿದ್ದರೆ ಬಳಕೆಯಾಗುವ ಸಂಭವ ಹೆಚ್ಚು. ಮಧ್ಯಾಹ್ನದೊಳಗೆ ತಲುಪಿಸಿ, ಮತ್ತು ಊರಿಗೆ ಹತ್ತಿರವಿರುವ ಅರೆಕಾಲಿಕ ಸುದ್ದಿಗಾರರಿಗೆ ಮೊದಲು ತಿಳಿಸಿ. ಜಿಲ್ಲಾ ಕೇಂದ್ರದ ಪತ್ರಿಕಾ ಭವನದಲ್ಲಿ ಗೋಷ್ಠಿ ಕರೆಯುವುದು ಇಂಥ ವಿಷಯಕ್ಕೆ ಅನಗತ್ಯ ಖರ್ಚು. ಸುದ್ದಿ ಬರಲೆಂದು ಯಾರಿಗೂ ಹಣವಾಗಲಿ ಉಡುಗೊರೆಯಾಗಲಿ ಕೊಡಬಾರದು. ಕೊಡಬೇಕಾದ ವಾತಾವರಣವಿದೆ ಎಂದು ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಿದ ಸಂಘ ಮುಂದಿನ ಸಲವೂ ಕೊಡಬೇಕಾಗುತ್ತದೆ.

ಬಾಲ್ಯವಿವಾಹ, ಲೈಂಗಿಕ ದೌರ್ಜನ್ಯ, ದೇವದಾಸಿ ಪದ್ಧತಿಯ ಸಂತ್ರಸ್ತರ ವಿಷಯದಲ್ಲಿ ಮಾತ್ರ ಮುಕ್ತತೆಗೆ ಗಡಿಯಿದೆ. 2012ರ ಪೋಕ್ಸೊ ಕಾಯ್ದೆಯೂ 2015ರ ಬಾಲನ್ಯಾಯ ಕಾಯ್ದೆಯೂ ಮಗುವಿನ ಗುರುತು ಬಯಲಾಗುವಂಥ ಯಾವ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತವೆ. ಹೆಸರು ಬಿಟ್ಟರೆ ಸಾಲದು. ಸಣ್ಣ ಊರಿನಲ್ಲಿ ಶಾಲೆಯ ಹೆಸರು, ತಂದೆಯ ಕಸುಬು, ಓಣಿಯ ಹೆಸರು ಹೇಳಿದರೂ ಹುಡುಗಿ ಯಾರೆಂದು ಗೊತ್ತಾಗುತ್ತದೆ. ಮದುವೆ ತಡೆದೆವು ಎಂದು ಹಂದರದ ಮುಂದೆ ಬಾಲಕಿಯನ್ನು ನಿಲ್ಲಿಸಿ ಮುಖಕ್ಕೆ ಮಬ್ಬು ಹಚ್ಚಿ ಚಿತ್ರ ಹಂಚುವುದು ಸೇವೆಯಲ್ಲ. 1098ಕ್ಕೆ ಕರೆ ಹೋಯಿತು, ಅಧಿಕಾರಿಗಳು ಬಂದರು, ಮದುವೆ ನಿಂತಿತು ಎಂಬಷ್ಟೇ ಸಾಕು.

ಪತ್ರಿಕೆ ಓದದವರಿಗೆ

ಈ ಜಿಲ್ಲೆಗಳಲ್ಲಿ ಪತ್ರಿಕೆಯೊಂದನ್ನೇ ನಂಬಿ ಕುಳಿತರೆ ಅರ್ಧ ಊರಿಗೆ ಸುದ್ದಿ ಮುಟ್ಟುವುದಿಲ್ಲ. 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿಯಲ್ಲಿ ತೆಲುಗು, ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು ಮತ್ತು ಕೊಪ್ಪಳದ ಪೇಟೆಗಳಲ್ಲಿ ಉರ್ದು ಇಂದಿಗೂ ಹಲವರ ಮನೆಮಾತು. ಕರಪತ್ರದ ಮುಖ್ಯ ನಾಲ್ಕು ಸಾಲನ್ನು ಆ ಭಾಷೆಗಳಲ್ಲೂ ಹಾಕಿಸಲು ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಆಕಾಶವಾಣಿಯ ರಾಯಚೂರು ಮತ್ತು ಹೊಸಪೇಟೆ ಕೇಂದ್ರಗಳಿಗೆ ಪ್ರಕಟಣೆಯ ಪ್ರತಿ ಕಳುಹಿಸಿ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಗೂ ಒಂದು ಪ್ರತಿ ಹೋಗಲಿ.

ದಿನ ಆರಿಸುವುದರಲ್ಲಿ ಜಾಣತನ ಬೇಕು. ಸಂತೆಯ ದಿನ ಸಭೆ ಕರೆದರೆ ಜನ ಸಂತೆಗೆ ಹೋಗುತ್ತಾರೆ. ಸಂತೆಗೇ ನೀವು ಹೋದರೆ ಸುತ್ತಲಿನ ಹತ್ತು ಊರಿನವರು ಅಲ್ಲಿಯೇ ಸಿಗುತ್ತಾರೆ. ಕಾಲುವೆ ಭಾಗದಲ್ಲಿ ಭತ್ತದ ನಾಟಿಯ ಹೊತ್ತಿಗೆ ಹೆಂಗಸರನ್ನು ಜಾಥಾಕ್ಕೆ ಕರೆಯುವುದು ಅವರ ಕೂಲಿ ಕಸಿದಂತೆ. ಮಳೆಯಾಶ್ರಿತ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಗುಳೆ ಹೋಗಿಬಿಡುತ್ತವೆ. ಶಾಲೆ ಬಿಡುವ ಮಕ್ಕಳ ಬಗ್ಗೆ ಮಾತನಾಡುವುದಿದ್ದರೆ ಅವರು ಊರು ಬಿಡುವ ಮುನ್ನವೇ ಮಾತನಾಡಬೇಕು.

ಜನ ತಾವಾಗಿ ಸೇರುವ ಜಾಗವನ್ನು ಬಳಸಿಕೊಳ್ಳುವುದಕ್ಕೆ ಕೊಪ್ಪಳದ ಗವಿಮಠಕ್ಕಿಂತ ಒಳ್ಳೆಯ ಮಾದರಿ ಈ ಭಾಗದಲ್ಲಿಲ್ಲ. ಅಲ್ಲಿನ ಜಾತ್ರೆಯ ಅಂಗವಾಗಿ ಬಾಲ್ಯವಿವಾಹ ತಡೆ, ರಕ್ತದಾನ, ಅಂಗಾಂಗ ದಾನದಂಥ ವಿಷಯಗಳನ್ನು ಇಟ್ಟುಕೊಂಡು ಜಾಗೃತಿ ನಡಿಗೆಗಳು ನಡೆದಿವೆ. ಒಂದು ವರ್ಷಕ್ಕೆ ಒಂದೇ ವಿಷಯ ಎಂಬ ಶಿಸ್ತು ಅದರ ಬಲ. ನಮ್ಮ ಸಂಘಗಳೋ ಒಂದೇ ಫ್ಲೆಕ್ಸಿನಲ್ಲಿ ಹತ್ತು ಘೋಷಣೆ ತುಂಬುತ್ತವೆ. ತೊಗಲುಗೊಂಬೆಯಾಟವನ್ನೂ ಮರೆಯಬಾರದು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆ ಹೇಳಿದವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಕಲಾವಿದರನ್ನು ಕರೆಯುವಾಗ ಮಾತ್ರ ನಿಮ್ಮ ಭಾಷಣವನ್ನು ಅವರ ಬಾಯಿಗೆ ತುರುಕಬೇಡಿ. ವಿಷಯ ಹೇಳಿ, ಸಂಭಾವನೆ ಮೊದಲೇ ನಿಗದಿ ಮಾಡಿ, ಕಥೆ ಕಟ್ಟುವುದನ್ನು ಅವರಿಗೇ ಬಿಡಿ.

ಹಣ ಯಾರದು

ಈ ವೃತ್ತಿಯಲ್ಲಿ ಲೀ ಅವರ ನಂತರ ಕೇಳಿಬರುವ ಹೆಸರು ಎಡ್ವರ್ಡ್ ಬರ್ನೇಸ್ ಅವರದು. ವಿಯೆನ್ನಾದಲ್ಲಿ 1891ರಲ್ಲಿ ಹುಟ್ಟಿದ ಇವರು ಮನೋವಿಜ್ಞಾನಿ ಫ್ರಾಯ್ಡ್ ಅವರ ಸೋದರಳಿಯ. 1920ರಲ್ಲಿ ಅಮೆರಿಕದ ಕಪ್ಪುಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ದಕ್ಷಿಣದ ಅಟ್ಲಾಂಟಾ ನಗರದಲ್ಲಿ ಸಮಾವೇಶ ನಡೆಸಿದಾಗ ಅದರ ಪ್ರಚಾರಕ್ಕೆ ದುಡಿದವರು ಇವರು. ವರ್ಣಭೇದ ಬಿಗಿಯಾಗಿದ್ದ ಊರಿನಲ್ಲಿ ಅದು ಧೈರ್ಯದ ಕೆಲಸ. ಅದೇ ಬರ್ನೇಸ್ 1929ರ ಈಸ್ಟರ್ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಯುವತಿಯರು ಸಾರ್ವಜನಿಕವಾಗಿ ಸಿಗರೇಟು ಸೇದುವಂತೆ ಏರ್ಪಾಡು ಮಾಡಿ, ಅದನ್ನು ಸ್ತ್ರೀಸ್ವಾತಂತ್ರ್ಯದ ಜ್ಯೋತಿ ಎಂದು ಬಿಂಬಿಸಿದರು. ಅದರ ಹಿಂದಿದ್ದ ಹಣ ತಂಬಾಕು ಕಂಪನಿಯದು ಎಂಬುದು ನೋಡಿದವರಿಗೆ ತಿಳಿದಿರಲಿಲ್ಲ. ಮುಂದೆ ತಂಬಾಕಿನ ವಿರುದ್ಧವೇ ಅವರು ಪ್ರಚಾರಕ್ಕಿಳಿದರು ಎಂಬುದೂ ನಿಜ, ಆದರೆ ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಲೀ ಅವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಪ್ರಚಾರಕ್ಕೆ ದುಡಿದ ಅವರು ಕೊನೆಗಾಲದಲ್ಲಿ ಹಿಟ್ಲರ್ ಆಳ್ವಿಕೆಯ ಜರ್ಮನಿಯ ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಗೆ ಸಲಹೆಗಾರರಾಗಿ, ಆ ಬಗ್ಗೆ 1934ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಉತ್ತರ ಹೇಳಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಗಣಿ, ಉಕ್ಕು, ವಿದ್ಯುತ್ ಉದ್ಯಮಗಳಿರುವ ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬರಿಯ ಚರಿತ್ರೆಯಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಆ ಹಣ ಪಡೆಯುವುದರಲ್ಲಿ ತಪ್ಪಿಲ್ಲ; ಶಾಲೆಗೆ ಶೌಚಾಲಯ ಬಂದರೆ ಬರಲಿ. ಆದರೆ ಪಡೆದದ್ದನ್ನು ಪ್ರಕಟಣೆಯಲ್ಲೇ ಹೇಳಬೇಕು, ಮತ್ತು ಯಾವ ಉದ್ಯಮದ ದೂಳಿನ ಬಗ್ಗೆ ಊರವರ ದೂರಿದೆಯೋ ಅದೇ ಉದ್ಯಮದ ಹಣದಲ್ಲಿ ಪರಿಸರ ಜಾಥಾ ನಡೆಸುವುದನ್ನು ಒಪ್ಪಿಕೊಳ್ಳಬಾರದು. ಹಣ ಕೊಟ್ಟವರು ಪ್ರಕಟಣೆಯ ಕರಡನ್ನು ತಮಗೆ ಮೊದಲು ತೋರಿಸಬೇಕೆಂದು ಷರತ್ತು ಹಾಕಿದರೆ, ಆ ಹಣವನ್ನು ಬಿಟ್ಟುಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಕಟವಾದ ಮೇಲೆ

ಸುದ್ದಿ ಬಂದ ದಿನದ ಪುಟವನ್ನು ದಿನಾಂಕದೊಂದಿಗೆ ಕಡತದಲ್ಲಿ ಇಡಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ನಡಾವಳಿಗೆ ಸೇರಿಸುವಂತೆ ಕೇಳಬಹುದು. ವರದಿಯಲ್ಲಿ ತಪ್ಪಿದ್ದರೆ, ಆ ತಪ್ಪು ನಿಮಗೆ ಅನುಕೂಲವಾಗಿದ್ದರೂ, ಅಂದೇ ತಿಳಿಸಿ. 240 ಮನೆ 420 ಎಂದು ಅಚ್ಚಾಗಿದ್ದರೆ ಸುಮ್ಮನಿರುವ ಆಸೆ ಆಗುತ್ತದೆ, ಆದರೆ ಅಧಿಕಾರಿ ಬಂದು ಎಣಿಸಿದಾಗ ಸುಳ್ಳು ಹೇಳಿದವರು ನೀವೇ ಆಗುತ್ತೀರಿ. ಹೊಸ ಮೋಟಾರು ಬಂದು ಘಟಕ ಶುರುವಾದ ದಿನ ಅದನ್ನೂ ನಾಲ್ಕು ಸಾಲಿನಲ್ಲಿ ಬರೆದು, ಕೆಲಸ ಮಾಡಿಸಿದ ಪಿಡಿಒ ಅವರ ಹೆಸರು ಹಾಕಿ, ಮೊದಲು ಕಳುಹಿಸಿದ್ದ ಎಲ್ಲರಿಗೂ ಕಳುಹಿಸಿ. ಬಳಿಕ ಘಟಕದ ನೀರನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಟ್ಟು, ಆ ವರದಿಯ ಪ್ರತಿಯನ್ನು ನಾಣ್ಯ ಹಾಕುವ ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿ.